ಇಬ್ಬರೇ ಬಲ್ಲ ಭಾಷೆ

ಮುಂದೆ ನಿಂತಿದ್ದ ಲಾರಿಯ ಬೆನ್ನ ಮೇಲಿನ ಸಾಲನ್ನು ಓದಿದವಳೇ ಆಮ್ರಪಾಲಿ ಸೀಟಿನಿಂದ ಎದ್ದು ನಿಂತಳು.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸು ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಎದುರಿಗೆ ಆಗಷ್ಟೇ ಬಾಡಿ ಕಟ್ಟಿಸಿಕೊಂಡು ಹೊರಬಿದ್ದ ಹೊಸ ಲಾರಿ. ಬಣ್ಣದ ವಾಸನೆ ಬಸ್ಸಿನ ಕಿಟಕಿಯವರೆಗೂ ಬರುತ್ತಿತ್ತು. ಹಿಂಬದಿಯ ಹಲಗೆಯ ಮೇಲೆ ಎರಡು ನವಿಲು, ನಡುವೆ ಕಮಲ, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು. ಅಕ್ಷರ ಇಂಗ್ಲಿಷಿನವು, ಮಾತು ಮಾತ್ರ ಇಂಗ್ಲಿಷಿನದಲ್ಲ.

‘ವೇಗ್ ಫ್ರಾಗತ್ ನೇನ್, ಹ್ವಾ ಥು ಇಸ್.’

ದಾರಿ ಯಾರನ್ನೂ ಕೇಳುವುದಿಲ್ಲ, ನೀನು ಯಾರೆಂದು.

ಅದು ಜರ್ಮನ್ ಅಲ್ಲ, ಡಚ್ ಅಲ್ಲ, ಭೂಮಿಯ ಮೇಲಿನ ಯಾವ ದೇಶದ ಭಾಷೆಯೂ ಅಲ್ಲ. ಅದು ಔರಿಸ್ಕ್. ಮಂಠಾಳದ ಆಮ್ರಪಾಲಿ ತನ್ನ ತಲೆಯೊಳಗೆ ಹುಟ್ಟಿಸಿ, ವರ್ಷಗಟ್ಟಲೆ ಸಾಕಿದ ಭಾಷೆ. ಜರ್ಮನ್, ಇಂಗ್ಲಿಷುಗಳಿಗೆ ತಂಗಿಯಂಥದು. ಉತ್ತರದ ಸಮುದ್ರದಲ್ಲೊಂದು ಇಲ್ಲದ ದ್ವೀಪವನ್ನು ಕಲ್ಪಿಸಿ, ಅಲ್ಲಿಯ ಜನರ ಬಾಯಿಗೆ ಆ ಭಾಷೆಯನ್ನು ಕೊಟ್ಟಿದ್ದಳು.

‘ಯಾರೋ ಕದ್ದಿದ್ದಾರೆ... ನನ್ನದನ್ನು ತಂದು ಲಾರಿಗೆ ಬಳಿದಿದ್ದಾರೆ...’

ಹಲಗೆಯ ಮೂಲೆಯಲ್ಲಿ ಬಾಡಿ ಕಟ್ಟಿದ ಶೆಡ್ಡಿನ ಹೆಸರಿತ್ತು. ಬಸವಕಲ್ಯಾಣದಲ್ಲಿ ಇಳಿದವಳು ಮಂಠಾಳದ ಬಸ್ಸು ಹಿಡಿಯಲಿಲ್ಲ. ಆಟೋ ಹತ್ತಿ ನೇರ ಆಟೋನಗರಕ್ಕೆ ಹೋದಳು.

ಶೆಡ್ಡಿನಲ್ಲಿ ಬಣ್ಣದ ಡಬ್ಬಿಗಳ ನಡುವೆ ಒಬ್ಬ ಯುವಕ ಬ್ರಷ್ಷು ಹಿಡಿದು ಕುಳಿತಿದ್ದ.

“ಆ ಲಾರಿ ಮ್ಯಾಲಿನ ಸಾಲು ಯಾರ್ ಬರದಾರ್ರಿ?”

“ನಾನೇರಿ. ಯಾಕ, ಏನರ ಗಲತ್ ಆಗ್ಯಾದೇನು?”

“ಯಾರನ್ನ ಕೇಳಿ ಬರದ್ರಿ?”

ಅವಳ ದನಿಗೆ ವೆಲ್ಡಿಂಗ್ ಮಾಡುತ್ತಿದ್ದವರೂ ಕೆಲಸ ನಿಲ್ಲಿಸಿ ನೋಡಿದರು. ಅವನು ಮೆಲ್ಲಗೆ ಎದ್ದ. “ಕೇಳ್ಬೇಕಿತ್ತು ಖರೆ. ಆಕಿ ಎಲ್ಲದಾಳಂತ ನನಗ ಮಾಲೂಮಿಲ್ಲರಿ. ಇಂಟರ್ನೆಟ್ಟಿನಾಗ ಔರಾ ಅಂತ ಹೆಸರಿಟ್ಕೊಂಡಾಳ. ಯಾವ ದೇಶದ ಹೆಣ್ಣುಮಗಳೋ ಏನೋ...”

“ಮಂಠಾಳದಾಕಿ,” ಎಂದಳು ಆಮ್ರಪಾಲಿ.

ಅವನ ಕೈಯ ಬ್ರಷ್ಷು ಕೆಳಗೆ ಬಿತ್ತು. ಕೆಂಪು ಬಣ್ಣ ಅವಳ ಚಪ್ಪಲಿಗೂ ಸಿಡಿಯಿತು.

“ವಿಂಡೋಗ್,” ಎಂದ ಅವನು, ಪರೀಕ್ಷಿಸುವವನಂತೆ. ಔರಿಸ್ಕಿನಲ್ಲಿ ಕಿಟಕಿಗೆ ಆ ಪದ.

“ಗಾಳಿಯ ಕಣ್ಣು,” ಎಂದು ಅವಳ ಬಾಯಿಂದ ತಾನಾಗಿ ಹೊರಟಿತು. ಆ ಕ್ಷಣವೇ ಅವಳಿಗೆ ಎಲ್ಲ ತಿಳಿಯಿತು. ಔರಿಸ್ಕಿನ ಇಂಟರ್ನೆಟ್ ಪುಟಕ್ಕೆ ಬಂದು ‘ನಮ್ಮ ಭಾಷೆಯಲ್ಲೂ ಕಿಟಕಿಗೆ ಹಸುವಿನ ಕಣ್ಣು ಎಂಬ ಅರ್ಥದ ಪದವಿದೆ, ಗವಾಕ್ಷ’ ಎಂದು ಬರೆದವನು ಜಗತ್ತಿನಲ್ಲಿ ಒಬ್ಬನೇ. ತಿಂಗಳುಗಟ್ಟಲೆ ಇಂಗ್ಲಿಷಿನಲ್ಲಿ ಅವಳೊಂದಿಗೆ ಪದಗಳ ಬೇರುಗಳ ಬಗ್ಗೆ ಜಗಳವಾಡಿದವನು. ತನ್ನನ್ನು ರಾಡ್, ಅಂದರೆ ಗಾಲಿ, ಎಂದು ಕರೆದುಕೊಂಡವನು. ಅವನು ಎಲ್ಲೋ ದೂರದ ಸಂಸ್ಕೃತ ಪಂಡಿತನೋ ಏನೋ ಎಂದುಕೊಂಡಿದ್ದಳು ಪಾಪ. ಅವನು ಬಸವಕಲ್ಯಾಣದ ಗುರುಶಾಂತ, ಆ ಶೆಡ್ಡಿನ ಮಾಲಕನ ಮಗ.

ಇಬ್ಬರೂ ಒಟ್ಟಿಗೆ ನಕ್ಕರು. ಜಗಳ ಆಡಲು ಬಂದಿದ್ದು ಅವಳಿಗೆ ಮರೆತೇಹೋಯಿತು.

*

ಅಲ್ಲಿಂದ ಮುಂದಿನದನ್ನು ಓದುಗರು ಊಹಿಸಬಲ್ಲರು.

ಆಮ್ರಪಾಲಿ ಹುಮನಾಬಾದಿನ ಒಂದು ಕೋಚಿಂಗ್ ಸೆಂಟರಿನಲ್ಲಿ, ಜರ್ಮನಿಗೆ ಹೋಗಬೇಕೆನ್ನುವ ನರ್ಸ್‌ಗಳಿಗೆ ಜರ್ಮನ್ ಕಲಿಸುತ್ತಿದ್ದಳು. ತರಗತಿ ಬಿಡುವ ಹೊತ್ತಿಗೆ ಗುರುಶಾಂತನಿಗೆ ಹುಮನಾಬಾದಿನಲ್ಲೇ ಏನೋ ಬಿಡಿಭಾಗ ತರುವ ಕೆಲಸ ಬೀಳುತ್ತಿತ್ತು. ಬಿಡಿಭಾಗ ಎಂದೂ ಸಿಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಮಾತ್ರ ಸಿಗುತ್ತಿತ್ತು.

ಇಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಔರಿಸ್ಕಿಗೆ ಹೊಸ ಪದ ಸೇರಬೇಕಾದರೆ ಅದಕ್ಕೆ ಬೇರು ಇರಬೇಕು. ಸಾವಿರಾರು ವರ್ಷ ಹಿಂದೆ ಆ ಪದ ಹೇಗಿತ್ತು, ಯಾವ ಅಕ್ಷರ ಯಾವಾಗ ಸವೆಯಿತು, ಅರ್ಥ ಎಲ್ಲಿ ಹೊರಳಿತು ಎಂದು ಹೇಳಬೇಕು. ಚಂದ ಕೇಳಿಸುತ್ತದೆಂದು ಸುಮ್ಮನೆ ಒಂದು ಪದ ತಂದು ಇಡುವಂತಿಲ್ಲ.

“ಪ್ರೀತಿಗಿ ಏನಂತಾರ್ರಿ ನಿಮ್ಮ ದ್ವೀಪದಾಗ?” ಎಂದು ಒಮ್ಮೆ ಕೇಳಿದ.

“ಇನ್ನೂ ಇಲ್ರಿ. ಬೇರು ಸಿಕ್ಕಿಲ್ಲ.”

“ಧಣಿಗಿ?”

“ಅದು ಬರೋದೇ ಇಲ್ಲ. ಆ ದ್ವೀಪದಾಗ ಧಣಿಗಳಿಲ್ಲ.”

ಜರ್ಮನ್‌ನಲ್ಲಿ ಹತ್ತಿರದವರಿಗೆ ಒಂದು ‘ನೀನು’, ದೊಡ್ಡವರಿಗೆ ಇನ್ನೊಂದು ‘ನೀವು’. ಔರಿಸ್ಕಿನಲ್ಲಿ ಎಲ್ಲರಿಗೂ ಒಂದೇ, ಥು. ಯಾಕೆ ಹಾಗೆ ಮಾಡಿದಳೆಂದು ಗುರುಶಾಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೇನೋ. ತಲೆ ನರೆತ ಅವಳ ಅಪ್ಪ ಅಂಬಾದಾಸನನ್ನು ಊರಿನ ದೊಡ್ಡ ಮನೆಗಳ ಮೀಸೆ ಮೂಡದ ಹುಡುಗರು ‘ಏ ಅಂಬ್ಯಾ’ ಎಂದು ಕರೆಯುವುದನ್ನು ಅವಳು ಕೇಳುತ್ತಲೇ ಬೆಳೆದಿದ್ದಳು.

ಇನ್ನೊಂದು ಮಾತನ್ನೂ ಅವಳು ಹೇಳಿರಲಿಲ್ಲ. ಅದು ಆಯಿಯ ಮಾತು, ಅಂದರೆ ಅವಳ ಅಜ್ಜಿಯದು.

ಆಯಿ ಕೂಲಿಗೆ ಹೋಗುತ್ತಿದ್ದ ಮನೆಯ ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿತ್ತು. ಗೂಡಿನಲ್ಲಿ ನೆಗ್ಗಿದ ಒಂದು ಜರ್ಮನ್ ಲೋಟ. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಯನ್ನು ಜರ್ಮನ್ ಪಾತ್ರೆ ಎನ್ನುತ್ತಾರಲ್ಲ, ಅದು. ಬಾಯಾರಿದರೆ ಆಯಿ ಅದನ್ನು ತೆಗೆದುಕೊಂಡು ಅಂಗಳದಲ್ಲಿ ನಿಲ್ಲಬೇಕು, ಮನೆಯವರು ಮೇಲಿನಿಂದ ನೀರು ಹೊಯ್ಯಬೇಕು. ಕುಡಿದು, ತಾನೇ ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಬೇಕು.

“ಜರ್ಮನ್ ಅಂದ್ರ ಏನು ಆಯಿ?” ಎಂದು ಕೇಳಿದ್ದಳು ಪುಟ್ಟ ಆಮ್ರಪಾಲಿ.

“ನಮ್ಮ ಲೋಟದ ಊರು ಅದು ಅವ್ವಾ,” ಎಂದಿದ್ದಳು ಆಯಿ, ನಗುತ್ತ.

ಆ ಊರು ಎಂಥದೋ ನೋಡಿಯೇ ಬಿಡುತ್ತೇನೆಂಬ ಹಟದಲ್ಲೇ ಅವಳು ಜರ್ಮನ್ ಕಲಿತದ್ದು. ಯಾವ ಲೋಟವೂ ಬೇರೆ ಇರದ ಒಂದು ಊರು ಬೇಕೆಂದು ಔರಿಸ್ಕಿನ ದ್ವೀಪ ಕಟ್ಟಿದ್ದು.

ತಾನು ಯಾವ ಜಾತಿಯವಳೆಂದು ಮಾತ್ರ ಮೊದಲ ವಾರವೇ ಹೇಳಿದ್ದಳು. “ನನಗ ಅದೆಲ್ಲ ಇಲ್ಲರಿ,” ಎಂದಿದ್ದ ಗುರುಶಾಂತ. ಮನಸ್ಸಿನಿಂದಲೇ ಹೇಳಿದ್ದ. ಅವಳು ಅದನ್ನು ನಂಬಿ, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಒಬ್ಬಳೇ ನಕ್ಕಿದ್ದಳು.

*

“ಅವ್ವಗ ನಿಮ್ಮನ್ನ ತೋರಿಸ್ಬೇಕು,” ಎಂದ ಒಂದು ದಿನ. ಅವನ ಕಣ್ಣಲ್ಲಿ ಏನೋ ತುಂಟತನವಿತ್ತು. “ನಿಮಗೊಂದು ಸಾಮಾನೂ ಮಾಡಿಸಿಟ್ಟೀನಿ.”

ಅವಳು ಮರುದಿನ ಮಜ್ಜಿಗೆ ಬಣ್ಣದ ಸೀರೆ ಉಟ್ಟಳು. ಬಿಚ್ಚಿ ಬೇರೆ ಉಟ್ಟಳು. ಮತ್ತೆ ಮೊದಲಿನದನ್ನೇ ಉಟ್ಟಳು.

ಗುರುಶಾಂತನ ತಾಯಿ ಮಹಾನಂದಾ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡರು. ಜರ್ಮನ್ ಕಲಿಸುವ ಟೀಚರಮ್ಮ ಎಂದು ಅವನ ಚಿಕ್ಕಮ್ಮನಿಗೂ ಅಕ್ಕನಿಗೂ ಪರಿಚಯ ಮಾಡಿಸಿದರು. ಆಮೇಲೆ ಪಕ್ಕದಲ್ಲಿ ಕುಳಿತು ಕೇಳಿದರು.

“ಮಂಠಾಳದಾಗ ಯಾವ ಓಣಿ ನಿಮ್ದು?”

ಆಮ್ರಪಾಲಿಗೆ ಆ ಪ್ರಶ್ನೆ ಹೊಸದಲ್ಲ. ಊರು ಹೇಳಿದ ಮೇಲೆ ಓಣಿ ಕೇಳುವವರು ಏನನ್ನು ಕೇಳುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

“ಬುದ್ಧ ವಿಹಾರದ ಓಣಿರಿ.”

ಮಹಾನಂದಾ ನಗುತ್ತಲೇ ಇದ್ದರು. ಆದರೆ ಅವಳ ಕೈಯ ಮೇಲಿದ್ದ ತಮ್ಮ ಕೈಯನ್ನು ತೆಗೆದು ಸೆರಗು ಸರಿಮಾಡಿಕೊಂಡರು. “ಚಹಾ ತರ್ತೀನಿ,” ಎಂದು ಎದ್ದರು.

ಗುರುಶಾಂತ ಅದನ್ನು ನೋಡಲಿಲ್ಲ. ಅವನಿಗೆ ಒಳಗಿನಿಂದ ಬರುವ ತಟ್ಟೆಯದೇ ಧ್ಯಾನ.

ಚಹಾ ಬಂತು. ಎಲ್ಲರಿಗೂ ಒಂದೇ ಜೊತೆಯ ಸ್ಟೀಲ್ ಲೋಟಗಳು, ಅಂಚಿನಲ್ಲಿ ‘ಮಹಾನಂದಾ’ ಎಂದು ಕೆತ್ತಿದ್ದವು, ಮದುವೆಯಲ್ಲಿ ತವರಿನಿಂದ ಬಂದವು. ತಟ್ಟೆಯ ತುದಿಯಲ್ಲಿ, ಉಳಿದವಕ್ಕೆ ತಾಗದಂತೆ, ಒಂದು ಹೊಸ ಲೋಟ.

“ಹೆಸರು ನೋಡ್ರಿ,” ಎಂದ ಗುರುಶಾಂತ.

ಅವಳು ನೋಡಿದಳು. ‘ಆಮ್ರಪಾಲಿ’ ಎಂದು ಕೆತ್ತಿತ್ತು.

“ಇದು... ನಂದೇನ್ರಿ?”

“ನಿಮ್ದೇ. ಜಹೀರುದ್ದೀನ್ ಚಾಚಾನ ಪಾತ್ರಿ ಅಂಗಡ್ಯಾಗ ಕೂತು ಕೆತ್ತಿಸೀನಿ. ಈ ಮನ್ಯಾಗ ಇನ್ನ ಯಾರೂ ಅದರಾಗ ಕುಡಿಯಂಗಿಲ್ಲ.”

“ಹೂಂ, ಬ್ಯಾರೇದೇ ಇಟ್ಟೀನಿ,” ಎಂದರು ಮಹಾನಂದಾ.

ಆಮ್ರಪಾಲಿ ಲೋಟವನ್ನೇ ನೋಡಿದಳು. ನಗುತ್ತ ಕುಳಿತ ಗುರುಶಾಂತನ ಮುಖ ಕಾಣಲಿಲ್ಲ. ಅಂಗಳದಲ್ಲಿ ಲೋಟ ಹಿಡಿದು ನಿಂತ ಆಯಿ ಕಂಡಳು.

‘ನನ್ನ ಲೋಟ... ನಾನು ಬರುವ ಮೊದಲೇ ಸಿದ್ಧವಾಗಿದೆ... ಹೆಸರು ಸಮೇತ...’

ಅವಳು ಲೋಟ ಮುಟ್ಟಲಿಲ್ಲ. “ಬರ್ತೀನ್ರಿ,” ಎಂದಳು. ಯಾರೂ ಏನೂ ಹೇಳುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟಳು. ಹಿಂದೆ ಗುರುಶಾಂತ ಕರೆಯುತ್ತಲೇ ಇದ್ದ. ಚಹಾ ಹಾಗೇ ಆರಿತು.

*

ಅವಳು ಅವನ ನಂಬರು ಬ್ಲಾಕ್ ಮಾಡಿದಳು. ಔರಿಸ್ಕಿನ ಪುಟವನ್ನೂ ಮುಚ್ಚಿದಳು.

ಕೋಪ ತೀರಿಸಿಕೊಂಡೆನೆಂದು ಅವಳು ಅಂದುಕೊಂಡಳು. ಹಾಗಾಗಲಿಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಔರಿಸ್ಕಿನ ಸಾಲುಗಳು ತಾವಾಗಿ ಮನಸ್ಸಿಗೆ ಬರುತ್ತಿದ್ದವು. ಹೇಳಿದರೆ ತಿಳಿಯುವವನು ಒಬ್ಬನೇ, ಅವನಿಗೆ ಹೇಳುವಂತಿಲ್ಲ. ಇಬ್ಬರೇ ಬಲ್ಲ ಭಾಷೆಯಲ್ಲಿ ಒಬ್ಬರನ್ನು ಕಳೆದುಕೊಂಡರೆ ಉಳಿಯುವುದು ಭಾಷೆಯಲ್ಲ, ಬರೀ ಗೊಣಗಾಟ. ಅದು ಅವಳಿಗೆ ಈಗ ತಿಳಿಯಿತು.

ತರಗತಿಯಲ್ಲಿ ಸಿಮ್ರಾನ್ ಎಂಬ ವಿದ್ಯಾರ್ಥಿನಿ ಕೇಳಿಯೇ ಬಿಟ್ಟಳು. “ಟೀಚರ್, ಕಣ್ಣು ಬಾತಾವಲ್ರಿ?”

“ಧೂಳಮ್ಮ,” ಎಂದಳು.

ಮನೆಯಲ್ಲಿ ಆ ಸುಳ್ಳು ನಡೆಯಲಿಲ್ಲ. ಅಂಬಾದಾಸ ಎದುರಿಗೆ ಕುಳಿತು ಎಲ್ಲ ಹೇಳಿಸಿದ. ಲೋಟದ ಮಾತು ಬಂದಾಗ ಅವನ ಬೀಡಿ ಕೈಯಲ್ಲೇ ಆರಿಹೋಯಿತು.

“ತಿಳದು ಮಾಡ್ಯಾನೋ, ತಿಳೀಲಾರದ ಮಾಡ್ಯಾನೋ?” ಎಂದ.

“ಯಾವುದಾದ್ರ ಏನಪ್ಪ... ಉರಿ ಒಂದೇ.”

“ಉರಿ ಒಂದೇ ಖರೆ. ಆದ್ರ ಮನುಷ್ಯ ಒಂದೇ ಅಲ್ಲ. ಕೇಳ್ಬೇಕಾಗಿತ್ತು ನೀ.”

ಕೇಳುವ ಪ್ರಸಂಗ ತಾನಾಗಿ ಬಂತು. ಗುರುಶಾಂತ ಕೋಚಿಂಗ್ ಸೆಂಟರಿನ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು.

“ಏನ್ ತಪ್ಪು ಮಾಡೀನಿ ಅಷ್ಟು ಹೇಳ್ರಿ. ಪ್ರೀತೀಲೆ ಮಾಡಿಸಿದ್ದು ಆ ಲೋಟ. ಹೆಸರು ಹಾಕ್ಸಿದ್ರ ನೀವು ನಮ್ಮ ಮನಿಯವ್ರಾದ್ರಿ ಅಂತ ನಾ...”

“ಲಾರಿ ಮ್ಯಾಲ ಏನ್ ಬರದ್ರಿ? ದಾರಿ ಯಾರನ್ನೂ ಕೇಳಂಗಿಲ್ಲ ಅಂತ. ಹೌದು, ದಾರಿ ಕೇಳಂಗಿಲ್ರಿ. ಮನಿ ಕೇಳ್ತದ.” ಅವಳು ಅವನ ಕಣ್ಣನ್ನೇ ನೋಡಿದಳು. “ನಿಮಗ ಖರೇನೇ ತಿಳೀಲಿಲ್ಲೇನು?”

“ಇಲ್ಲರಿ.”

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಕಂಡಿತು. ಅದು ಅವಳನ್ನು ಇನ್ನಷ್ಟು ನೋಯಿಸಿತು. ತನ್ನ ಮನೆಯಲ್ಲಿ ಹಾಲು ಕುಡಿಯುವ ಕೂಸಿಗೂ ತಿಳಿದದ್ದು ಇವನಿಗೆ ತಿಳಿಯದೆ ಇಷ್ಟು ವರ್ಷ ಹೇಗೆ ಬದುಕಿದ?

“ಪದ ತಂದಾಗೆಲ್ಲ ಬೇರು ಕೇಳ್ತಿದ್ರಿ ನೀವು. ಆ ಲೋಟದ ಬೇರು ಹುಡುಕ್ರಿ. ನಿಮ್ಮ ಮನ್ಯಾಗೇ ಸಿಗ್ತದ. ನಾ ಹೇಳಂಗಿಲ್ಲ.”

ಬಸ್ಸು ಬಂತು. ಅವಳು ಹತ್ತಿದಳು. ಸೀಟು ಖಾಲಿಯಿದ್ದರೂ ನಿಂತೇ ಹೋದಳು.

*

ತೊಗರಿ ರಾಶಿ ಮುಗಿದ ಒಂದು ಭಾನುವಾರ. ಅವ್ವ ದ್ರೌಪತಿ ಅಂಗಳದಲ್ಲಿ ಕುಳಿತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಬಾಗಿಲ ಮುಂದೆ ಬೈಕು ನಿಂತಿತು.

ಆಮ್ರಪಾಲಿ ಒಳಗಿನಿಂದ ನೋಡಿದಳು.

ಗುರುಶಾಂತ ಚಪ್ಪಲಿ ಬಿಟ್ಟು, ಅಂಬಾದಾಸನ ಕಾಲು ಮುಟ್ಟಿದ. “ಕಾಕಾರಿ, ನಾ ಗುರುಶಾಂತ. ಜರಾ ಮಾತಾಡ್ಬೇಕಾಗಿತ್ತು. ಬ್ಯಾಡಂದ್ರ ಹೋಗ್ತೀನಿ.”

ಅಂಬಾದಾಸ ಅವನನ್ನು ಮೇಲಿಂದ ಕೆಳಗೆ ನೋಡಿದ. ದೊಡ್ಡ ಮನೆತನದವರ ಬಾಯಲ್ಲಿ ‘ಕಾಕಾರಿ’ ಎಂಬುದನ್ನು ಅವನು ಇದೇ ಮೊದಲು ಕೇಳಿದ್ದ. “ಕೂಡ್ರಿ,” ಎಂದ.

ದ್ರೌಪತಿ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟು ಮತ್ತೆ ಮೊರ ಹಿಡಿದಳು. ಅದು ಮನೆಯವರೆಲ್ಲ ಕುಡಿಯುವ ತಂಬಿಗೆ. ಅವನು ಎತ್ತಿ ಕುಡಿಯಲಿಲ್ಲ, ತುಟಿ ಹಚ್ಚಿಯೇ ಕುಡಿದ. ಆಮೇಲೆ ಬಾಗಿಲ ಕಡೆ ನೋಡಿ, ಅವಳಿಗೇ ಹೇಳಿದ.

“ಬೇರು ಸಿಕ್ತರಿ.”

ಆಮ್ರಪಾಲಿ ಹೊಸ್ತಿಲಿಗೆ ಬಂದು ನಿಂತಳು.

“ಅವ್ವನ್ನ ಕೇಳಿದೆ, ಮಾತು ಮರಸಿದ್ಲು. ನಮ್ಮ ಹಳ್ಳ್ಯಾಗಿನ ಹಳೇ ಮನಿಗಿ ಹೋದೆ. ದನದ ಕೊಟ್ಟಿಗ್ಯಾಗ ಒಂದು ಗೂಡದ. ಹುಡುಗ ಇದ್ದಾಗ ಅದರಾಗ ನಾ ಗೋಲಿ ಇಡ್ತಿದ್ದೆ. ಎಷ್ಟು ಸಲ ಸುಣ್ಣ ಬಳದಾರೋ, ಆದ್ರ ಲೋಟ ಬೋರಲ ಹಾಕಿದ್ದ ದುಂಡನ್ನ ಕಲೆ ಇನ್ನೂ ಅಲ್ಲೇ ಅದ. ಅಲ್ಲೇ ಇರೋ ದೊಡ್ಡಮ್ಮ ಎಲ್ಲ ಹೇಳಿದ್ಲು. ಮೊದಲ ತೆಂಗಿನ ಚಿಪ್ಪಂತ. ಆಮ್ಯಾಲ ಜರ್ಮನ್ ಲೋಟ.”

ದ್ರೌಪತಿಯ ಕೈಯ ಮೊರ ನಿಂತಿತು.

“ಆಮ್ಯಾಲ ಹೋಟೆಲಿನಾಗ ಬ್ಯಾರೆ ಗ್ಲಾಸು. ಈಗ ಕಾಗದದ ಕಪ್ಪು. ನಮ್ಮ ಶೆಡ್ಡಿನಾಗ ಕೂಲಿಯವ್ರಿಗಿ ಅದರಾಗೇ ಚಹಾ ಕೊಡ್ತೀವಿ, ನಾವು ಸ್ಟೀಲ್ ಲೋಟದಾಗ ಕುಡೀತೀವಿ. ಯಾಕಂತ ನಾ ಒಮ್ಮೀನೂ ಕೇಳಿದಾಂವಲ್ಲ. ಮಾಲು ಬದಲಾಗ್ಯಾದ ಅಷ್ಟೇ, ಬೇರು ಅದೇ. ಮತ್ತ ಕಡೀಕ ನಾ... ಅದಕ್ಕ ನಿಮ್ಮ ಹೆಸರು ಕೆತ್ತಿಸಿ ನಿಮ್ಮ ಮುಂದ ಇಡಿಸ್ದೆ.”

ಅವನು ತಂಬಿಗೆಯನ್ನು ಕೆಳಗಿಟ್ಟ.

“ಅವತ್ತು ಚಹಾ ಕೊಡೂವಾಗ ಅವ್ವ, ‘ಬ್ಯಾರೇದೇ ಇಟ್ಟೀನಿ’ ಅಂದ್ಲು. ನಾ ಖುಷಿಪಟ್ಟೆ. ಅಕಿ ಯಾಕ ಹಂಗ ಅಂದ್ಲು ಅಂತ ಈಗ ತಿಳೀತು. ಮಾಫಿ ಕೇಳಾಕ ಬಂದೀನಿ. ನೀವು ಕೊಡಬೇಕಂತಿಲ್ಲ.”

ಆಮ್ರಪಾಲಿಗೆ ಅಷ್ಟು ದಿನ ಹಿಡಿದಿಟ್ಟ ಅಳು ತಡೆಯಲಾಗಲಿಲ್ಲ. ಅವನ ಮುಂದೆ ಅಳಬಾರದೆಂದುಕೊಂಡಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಆ ಲೋಟ ಈಗ ಎಲ್ಲದ?” ಎಂದು ಕೇಳಿದ್ದು ಅಂಬಾದಾಸ.

“ಅದರಾಗ ದಿನಾ ನಾ ಚಹಾ ಕುಡಿಲಾಕತ್ತೀನ್ರಿ ಕಾಕಾ. ಕುಡಿದು ತೊಳದು ಎಲ್ಲ ಲೋಟದ ನಡುವ ಇಡ್ತಿದ್ದೆ. ಅವ್ವ ತೆಗದು ಕಿಟಕ್ಯಾಗ ಇಡ್ತಿದ್ಲು. ನಾ ಮತ್ತ ನಡುವ ಇಡ್ತಿದ್ದೆ. ಅಕಿ ಅಳ್ತಿದ್ಲು, ನನ್ನ ಕೂಡ ಮಾತು ಬಿಟ್ಲು. ನಾ ಬಿಡ್ಲಿಲ್ಲ.” ಅವನು ಬಾಗಿಲ ಕಡೆ ತಿರುಗಿದ. “ನಿನ್ನಿ ಮುಂಜಾನಿ ಎದ್ದು ನೋಡ್ತೀನಿ, ಅವ್ವ ಒಲಿ ಮುಂದ ಕೂತು ಅದರಾಗೇ ಚಹಾ ಕುಡಿಲಾಕತ್ತಿದ್ಲು. ಅಕಿ ನನ್ನ ಕಡಿ ನೋಡ್ಲಿಲ್ಲ. ಒಂದೇ ಮಾತು ಕೇಳಿದ್ಲು.”

“ಏನಂತ?” ಎಂದಳು ಆಮ್ರಪಾಲಿ, ಸೆರಗಿನೊಳಗಿಂದ.

“ಆ ಹುಡುಗಿ ಅವತ್ತು ಚಹಾ ಕುಡೀಲಿಲ್ಲ, ಸಕ್ರಿ ಎಷ್ಟು ಹಾಕೋತಾಳ ಅಂತ.”

ದ್ರೌಪತಿ ಮೂಗು ಸೇದಿ, ಮತ್ತೆ ತೊಗರಿ ಕೇರತೊಡಗಿದಳು. ಅಂಬಾದಾಸ ಬೀಡಿ ಹುಡುಕುವ ನೆವದಲ್ಲಿ ಎದ್ದು ಒಳಗೆ ಹೋದ.

“ಅವ್ವ ಪೂರಾ ಬದಲಾಗ್ಯಾಳ ಅಂತ ನಾ ಸುಳ್ಳು ಹೇಳಂಗಿಲ್ಲ,” ಎಂದ ಗುರುಶಾಂತ. “ಓಣಿಯವ್ರು ಏನಂತಾರೋ, ನಮ್ಮಪ್ಪ ಏನ್ ಮಾಡ್ತಾನೋ ಗೊತ್ತಿಲ್ಲ. ನಾ ನಿಮ್ಮನ್ನೇ ಮದುವಿ ಆಗ್ಬೇಕಂತೀನಿ. ನೀವು ಒಲ್ಲೆ ಅಂದ್ರೂ ಆ ಲೋಟ ಆ ಸಾಲಿನಾಗಿಂದ ತೆಗಿಯಂಗಿಲ್ಲ. ಶೆಡ್ಡಿನಾಗೂ ಕಾಗದದ ಕಪ್ಪು ಬಂದ್ ಮಾಡೀನಿ.”

ಆಮ್ರಪಾಲಿ ಕಣ್ಣು ಒರೆಸಿಕೊಂಡಳು. ಒಳಗೆ ಹೋಗಿ ಮೊಬೈಲು ತಂದಳು. ಮುಚ್ಚಿಟ್ಟ ಔರಿಸ್ಕಿನ ಪುಟವನ್ನು ತೆರೆದಳು. ಏನೋ ಬರೆದು ಅವನ ಕೈಗೆ ಕೊಟ್ಟಳು.

“ಮಿನ್,” ಎಂದು ಓದಿದ ಅವನು. “ಇದು ಹೊಸದು. ಬೇರು?”

“ಹಳೇ ಜನ ಇದನ್ನ ನೆನಪಿಗಿ ಅಂತಿದ್ರು. ಮರೀಲಾರದ ಮನಸಿನಾಗ ಇಟ್ಕೊಳ್ಳೋದು. ಒಬ್ಬರು ಇನ್ನೊಬ್ಬರ ಉರಿ ನೆನಪಿಟ್ಕೊಂಡು, ನೆನಪಿಟ್ಕೊಂಡು... ಅರ್ಥ ಹೊರಳ್ತು.”

“ಹೊರಳಿ ಏನಾತು?”

“ಒಮ್ಮೆ ನೀವು ಕೇಳಿದಾಗ ಬೇರು ಸಿಕ್ಕಿಲ್ಲ ಅಂದಿದ್ದೆನಲ್ರಿ, ಆ ಪದ,” ಎಂದಳು ಅವಳು. ಅವನಿಗೆ ತಿಳಿಯಿತು. ಅವನು ಮೊಬೈಲು ಮರಳಿ ಕೊಡುವುದನ್ನೇ ಮರೆತದ್ದನ್ನು ನೋಡಿ, ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು.

ಅವನು ಹೊರಡುವಾಗ ಅವಳು ಬೈಕಿನವರೆಗೂ ಹೋದಳು. ಓಣಿಯ ಮಂದಿ ನೋಡುತ್ತಿದ್ದರು. ನೋಡಲಿ ಎಂದುಕೊಂಡಳು.

“ಅವ್ವಗ ಏನ್ ಹೇಳ್ಲಿ?” ಎಂದ ಅವನು.

“ಎರಡು ಚಮಚ ಅಂತ ಹೇಳು.”

ಔರಿಸ್ಕಿನಲ್ಲಲ್ಲದೆ ಕನ್ನಡದಲ್ಲಿ ಅವಳು ಅವನಿಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಅವನು ಮೆಲ್ಲಗೆ ಕೇಳಿದ.

“ಯಾವ ಲೋಟದಾಗ ಕೊಡ್ಬೇಕು ನಿನಗ?”

“ಕೈಗಿ ಯಾವುದು ಸಿಗ್ತದೋ ಅದರಾಗ.”